ಮೊಣಕಾಲಿನ ಕೀಲು ಬದಲಾವಣೆಯ ಬಳಿಕ: ನೋವು ಮತ್ತು ಚಲನೆ

ಮೊಣಕಾಲಿನ ಕೀಲು ಬದಲಾಯಿಸಿದ ಮೇಲೆ ನೋವಿನ ಔಷಧ ಕೊಡುವುದು ರೋಗಿಯನ್ನು ಹಾಸಿಗೆಯಲ್ಲಿ ಸುಮ್ಮನೆ ಮಲಗಿಸುವುದಕ್ಕಲ್ಲ, ಕಾಲನ್ನು ಮಡಚಿ, ಚಾಚಿ, ನಡೆಯಲು ಸಾಧ್ಯವಾಗಲಿ ಎಂಬುದಕ್ಕೆ. ಔಷಧಗಳ ಆಯ್ಕೆಯೂ ವೇಳೆಯೂ ಇದನ್ನೇ ಅವಲಂಬಿಸಿವೆ. ತೊಡೆಯ ಒಳಬದಿಯಲ್ಲಿ ಸಾಗುವ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರೆ ನೋವು ತಗ್ಗುತ್ತದೆ, ಆದರೆ ತೊಡೆಯ ಮುಂಭಾಗದ ಸ್ನಾಯುವಿನ ಬಲ ಬಹುಮಟ್ಟಿಗೆ ಉಳಿಯುವುದರಿಂದ ರೋಗಿ ಬೇಗನೆ ಎದ್ದು ನಿಲ್ಲಬಲ್ಲರು. ಅದರ ಜೊತೆಗೆ ವೇಳೆಗೆ ಸರಿಯಾಗಿ ಪ್ಯಾರಾಸಿಟಮಾಲ್, ಹೊಟ್ಟೆ ಮತ್ತು ಮೂತ್ರಪಿಂಡಗಳ ಸ್ಥಿತಿ ನೋಡಿ ಉರಿಯೂತ ತಗ್ಗಿಸುವ ಮಾತ್ರೆ, ಇಷ್ಟಕ್ಕೂ ಬಗ್ಗದ ನೋವಿಗೆ ಮಾತ್ರ ಟ್ರಮಡಾಲ್‌ನಂಥ ಔಷಧವನ್ನು ಕೊಡುತ್ತಾರೆ. ಟ್ರಮಡಾಲ್‌ನಿಂದ ವಾಕರಿಕೆ, ಮಲಬದ್ಧತೆ, ತಲೆಸುತ್ತು ಬರಬಹುದು. ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಶೀತಜ್ವರಕ್ಕೆಂದು ಅಂಗಡಿಯಿಂದ ತರುವ ಮಾತ್ರೆಗಳಲ್ಲಿಯೂ ಅದೇ ಇರುವುದನ್ನು ವಿಚಾರಿಸಿ ತಿಳಿಯಬೇಕು.

ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಗೆ ಮರಳಿದವರ ಮನೆಯಲ್ಲಿ ನಾವು ಮೊದಲು ನೋಡಬೇಕಾದದ್ದು ಮೊಣಕಾಲಿನ ಅಡಿಯ ದಿಂಬನ್ನು. ಮಡಚಿಟ್ಟರೆ ಹಾಯೆನಿಸುತ್ತದೆಂದು ಮನೆಯವರು ಅಕ್ಕರೆಯಿಂದ ಇಟ್ಟಿರುತ್ತಾರೆ. ಆದರೆ ಹಾಗೆಯೇ ಬಿಟ್ಟರೆ ಕಾಲು ಪೂರ್ತಿ ನೆಟ್ಟಗಾಗದೆ ಮುಂದೆ ಕುಂಟುನಡಿಗೆ ಉಳಿಯಬಹುದು. ದಿಂಬನ್ನು ಹಿಮ್ಮಡಿಯ ಅಡಿಗೆ ಸರಿಸಬೇಕು. ಕಾಲು ಎಷ್ಟು ಮಡಚಿತು ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ನೆಟ್ಟಗಾಯಿತೆಂದು ಕೇಳುವವರು ಕಡಿಮೆ; ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಮೊದಲ ಪ್ರಶ್ನೆಯಾಗಬೇಕು. ವ್ಯಾಯಾಮಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಿದರೆ ಅದರ ಪ್ರಯೋಜನ ಹೆಚ್ಚು. ವ್ಯಾಯಾಮ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬಹುದು.

ಜಗಲಿಯ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ನೆಲದ ಮಣೆಯ ಬದಲು ಎತ್ತರದ ಕುರ್ಚಿಯಲ್ಲಿ ಊಟಕ್ಕೆ ಕೂರಿಸಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೂ ತೋಟದ ಸಂಕಕ್ಕೂ (ಕಿರಿದಾದ ಕಾಲುಸೇತುವೆಗೂ) ಸದ್ಯ ಹೋಗಗೊಡಬಾರದು.

ಊತ ಮತ್ತು ಬಿಸುಪು ಕೆಲವು ತಿಂಗಳು ಉಳಿದರೂ ದಿನದಿಂದ ದಿನಕ್ಕೆ ತಗ್ಗುತ್ತಿದ್ದರೆ ಅಂಜಬೇಕಿಲ್ಲ. ತಗ್ಗುತ್ತಿದ್ದ ನೋವು ಮತ್ತೆ ಏರಿದರೆ, ಗಾಯದಿಂದ ಕೀವು ಸೋರಿದರೆ, ಜ್ವರ ಬಂದರೆ ಅಥವಾ ಮೀನಖಂಡ ಬಿಗಿದು ಊದಿದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.