ಸೊಳ್ಳೆ ಬೆಟ್ಟ ಹತ್ತಿತು, ಹಕ್ಕಿಗೆ ಜಾಗ ಉಳಿಯಲಿಲ್ಲ

ಹವಾಯಿ ದ್ವೀಪಗಳಲ್ಲಿ ಎರಡು ಶತಮಾನದ ಹಿಂದೆ ಸೊಳ್ಳೆಯೇ ಇರಲಿಲ್ಲ. ನಂಬೋದು ಕಷ್ಟ, ಅಲ್ವಾ? 1826ರಲ್ಲಿ ವೆಲಿಂಗ್ಟನ್ ಎಂಬ ಹಡಗು ಮೆಕ್ಸಿಕೋ ಕಡೆಯಿಂದ ಮೌಯಿ ದ್ವೀಪದ ಲಹೈನಾಕ್ಕೆ ಬಂತು. ಅದರ ಪೀಪಾಯಿಗಳ ಹಳೇ ನೀರಿನ ಜೊತೆ ಸೊಳ್ಳೆ ಮರಿಗಳೂ ದಡ ಸೇರಿದವು ಎಂದು ಹೇಳುತ್ತಾರೆ.

ಆಗ ಅಲ್ಲಿನ ಕಾಡುಗಳಲ್ಲಿ ಹನಿಕ್ರೀಪರ್ ಹಕ್ಕಿಗಳು ತುಂಬಿದ್ದವು. ಲಕ್ಷಾಂತರ ವರ್ಷಗಳ ಹಿಂದೆ ಏಷ್ಯಾ ಕಡೆಯಿಂದ ಹಾರಿಬಂದ ಒಂದು ಸಣ್ಣ ಹಕ್ಕಿಯ ಸಂತತಿ ಅವು. ಹೂವಿಗೆ ತಕ್ಕಂತೆ ಬಾಗಿದ ಕೊಕ್ಕು, ತೊಗಟೆ ಸೀಳುವ ಕೊಕ್ಕು, ಬೀಜ ಒಡೆಯುವ ಕೊಕ್ಕು, ಹೀಗೆ 50ಕ್ಕೂ ಜಾಸ್ತಿ ಬಗೆಯಾಗಿದ್ದವು. ಈಗ ಉಳಿದಿರುವುದು 17.

ಸೊಳ್ಳೆ ಒಂದೇ ಬಂದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಆಮೇಲೆ ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳ ರಕ್ತದಲ್ಲಿ ಹಕ್ಕಿ ಮಲೇರಿಯಾ ಬಂತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಈ ರೋಗವನ್ನೇ ಕಾಣದ ಅಲ್ಲಿನ ಹಕ್ಕಿಗಳಿಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಕೆಂಪು ಮೈಯ ಇಈವಿ ಹಕ್ಕಿಗೆ ರೋಗದ ಸೊಳ್ಳೆ ಒಂದೇ ಸಲ ಕಚ್ಚಿದರೂ ಹತ್ತರಲ್ಲಿ ಒಂಬತ್ತು ಸಾಯುತ್ತವೆ. ತಗ್ಗಿನ ಕಾಡು ಖಾಲಿಯಾಗಿದ್ದಕ್ಕೆ ಸೊಳ್ಳೆ ತಂದ ರೋಗವೇ ಕಾರಣ ಎಂದು ವಿಜ್ಞಾನಿ ರಿಚರ್ಡ್ ವಾರ್ನರ್ 1968ರಲ್ಲಿ ಬರೆದರು.

ಉಳಿದವನ್ನು ಕಾಪಾಡಿದ್ದು ಬೆಟ್ಟದ ಚಳಿ. ಸುಮಾರು 13 ಡಿಗ್ರಿಗಿಂತ ಕೆಳಗೆ ರೋಗಾಣು ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಹಾಗಾಗಿ ಸುಮಾರು 1,500 ಮೀಟರ್ ಮೇಲಿನ ಕಾಡು ಆಸರೆಯಾಯಿತು.

ಇಲ್ಲಿ ದ್ವೀಪದ ವಯಸ್ಸು ಮುಖ್ಯವಾಗುತ್ತದೆ. ಸಮುದ್ರದ ತಳದಡಿಯ ಒಂದು ಬಿಸಿ ತಾಣದಿಂದ ಲಾವಾ ಉಕ್ಕಿ ದ್ವೀಪ ಹುಟ್ಟುತ್ತದೆ. ತಳ ಮಾತ್ರ ವಾಯವ್ಯಕ್ಕೆ ಸರಿಯುತ್ತಲೇ ಇರುತ್ತದೆ. ಹೀಗೆ ದೂರ ಸರಿದ ದ್ವೀಪಕ್ಕೆ ಹೊಸ ಲಾವಾ ಸಿಗುವುದಿಲ್ಲ. ಅದು ಕುಸಿಯುತ್ತದೆ, ಮಳೆಗೆ ಸವೆಯುತ್ತದೆ. ಎಲ್ಲಕ್ಕಿಂತ ಹೊಸದಾದ ಹವಾಯಿ ದ್ವೀಪದಲ್ಲಿ ಮೌನಾ ಕೇಯಾ ಬೆಟ್ಟ 4,207 ಮೀಟರ್ ಎತ್ತರವಿದೆ. ಸುಮಾರು 50 ಲಕ್ಷ ವರ್ಷ ಹಳೆಯ ಕೌವಾಯಿ ದ್ವೀಪದ ತುತ್ತತುದಿಯೇ 1,598 ಮೀಟರ್.

ಅಂದರೆ ಕೌವಾಯಿಯ ಹಕ್ಕಿಗಳಿಗೆ ಇದ್ದ ಆಸರೆ ತೀರಾ ಕಿರಿದು. ಹವೆ ಬಿಸಿಯಾದಂತೆ ಸೊಳ್ಳೆ ಅಲ್ಲಿಗೂ ಹತ್ತಿತು. ಕಾಡುಹಂದಿಗಳು ತಿರುಳಿಗಾಗಿ ಮರಜರೀಗಿಡದ ಕಾಂಡ ಕೊರೆದು ಬಿಡುತ್ತವೆ. ಆ ಪೊಟರೆಯಲ್ಲಿ ನಿಂತ ಮಳೆನೀರು ಸೊಳ್ಳೆಗೆ ತೊಟ್ಟಿಲು. 2023ರಲ್ಲಿ ಕೌವಾಯಿಯ ಕಾಡಿನಲ್ಲಿ ಎಣಿಕೆಗೆ ಸಿಕ್ಕ ಅಕಿಕಿಕಿ ಎಂಬ ಹನಿಕ್ರೀಪರ್ ಹಕ್ಕಿಗಳು ಐದೇ. ನನಗೆ ಅತಿ ಸಂಕಟ ತರುವ ಅಂಕಿ ಇದು.

ಮೌಯಿಯಲ್ಲಿ ಕಿವಿಕಿಯೂ ಎಂಬ ಹಕ್ಕಿಗೆ ಹೊಸ ನೆಲೆ ಕೊಡಲು 2019ರಲ್ಲಿ ಪ್ರಯತ್ನ ನಡೆಯಿತು. ಕೆಲವೇ ವಾರಗಳಲ್ಲಿ ಮಲೇರಿಯಾ ಬಡಿದು ಹೆಚ್ಚಿನವು ಸತ್ತವು ಇಲ್ಲವೇ ಕಾಣೆಯಾದವು. ಸೊಳ್ಳೆಯನ್ನು ಬಿಟ್ಟು ಹಕ್ಕಿಯನ್ನಷ್ಟೇ ನೋಡಿಕೊಂಡರೆ ಸಾಲದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಈಗ ಹೆಲಿಕಾಪ್ಟರ್‌ನಿಂದ ಸೊಳ್ಳೆಗಳನ್ನೇ ಕಾಡಿಗೆ ಬಿಡುತ್ತಿದ್ದಾರೆ! ಇವು ಕಚ್ಚದ ಗಂಡು ಸೊಳ್ಳೆಗಳು. ಅವುಗಳ ಮೈಯಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ, ಕಾಡಿನ ಸೊಳ್ಳೆಗಳಲ್ಲಿ ಇಲ್ಲದ ತಳಿ ಇರುತ್ತದೆ. ಇವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಈ ಕೆಲಸ ಫಲ ಕೊಡುವ ತನಕ ಕೆಲವು ಹಕ್ಕಿಗಳ ಪಾಲಿಗೆ ಪಂಜರವೇ ಗತಿ. 2023ರ ಆಗಸ್ಟ್‌ನಲ್ಲಿ ಕಾಳ್ಗಿಚ್ಚು ಮೌಯಿಯ ಹಕ್ಕಿ ಸಂರಕ್ಷಣಾ ಕೇಂದ್ರದ ಹೊಸ್ತಿಲಿಗೇ ಬಂದಾಗ, ಅಕಿಕಿಕಿಗಳೂ ಒಳಗಿದ್ದವು. ಅಲ್ಲಿದ್ದವರು ಕೈಗೆ ಸಿಕ್ಕ ನೀರಿನ ಪೈಪು ಹಿಡಿದು ಬೆಂಕಿಯನ್ನು ತಡೆದರು.