ಅಜ್ಜಿಯ ಹುಣಸೆ ಬೀಜದ ಲೆಕ್ಕ

ಸಂಜೆ ಏಳೂವರೆ. ಕೊನೆಯ ಟೋಕನ್. ಎರಡೂವರೆ ವರ್ಷದ ಹುಡುಗ ನನ್ನ ತೂಕದ ಯಂತ್ರದ ಮೇಲೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಮಾಡುತ್ತಿದ್ದ. ಅವನ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗುವ ಹಾಗಿದ್ದರು. ಮಗುವಿಗೆ ಜ್ವರವಿಲ್ಲ, ಕೆಮ್ಮಿಲ್ಲ.

“ಡಾಕ್ಟ್ರೇ, ಒಂಬತ್ತಕ್ಕೆ ಮಲಗಿಸ್ತೀನಿ. ಎದ್ದು ಹಾಲ್‌ಗೆ ಬರ್ತಾನೆ. ಮತ್ತೆ ಮಲಗಿಸ್ತೀನಿ, ಮತ್ತೆ ಬರ್ತಾನೆ. ಹನ್ನೊಂದೂವರೆ ಆಗುತ್ತೆ. ನಿದ್ದೆಗೆ ಏನಾದ್ರೂ ಸಿರಪ್ ಬರ್ಕೊಡಿ.”

ಹಿಂದೆ ನಿಂತಿದ್ದ ಅಜ್ಜಿ, “ದೃಷ್ಟಿ ಆಗಿದೆ, ಅಷ್ಟೇ” ಅಂದರು.

ಸಿರಪ್ ವಿಚಾರ ಮೊದಲೇ ಮುಗಿಸಿಬಿಡುತ್ತೇನೆ. ನೆಗಡಿಯ ಸಿರಪ್ ಕುಡಿದರೆ ಮಗು ತೂಕಡಿಸುವುದು ನಿಜ. ಅದಕ್ಕೇ ಎಷ್ಟೋ ಮನೆಗಳಲ್ಲಿ ನೆಗಡಿ ಇಲ್ಲದಿದ್ದರೂ ರಾತ್ರಿ ಅರ್ಧ ಮುಚ್ಚಳ ಕುಡಿಸುತ್ತಾರೆ. ದಯವಿಟ್ಟು ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಅನ್ನುವ ನೆಗಡಿ ಔಷಧಗಳು ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆಯೇ ಎಚ್ಚರಿಕೆ ಹಾಕಬೇಕು ಅಂತ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಕೆಲವು ಮಕ್ಕಳಿಗೆ ಇಂಥ ಔಷಧ ಉಲ್ಟಾ ಹೊಡೆಯುವುದೂ ಉಂಟು. ನಿದ್ದೆ ಬರುವ ಬದಲು ಇನ್ನೂ ಜಾಸ್ತಿ ಕುಣಿಯುತ್ತವೆ.

ನಾನು ಕೇಳಿದ್ದು ಬೇರೆ. ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತಾನೆ? “ನಾಲ್ಕಕ್ಕೆ ಮಲಗಿ ಆರಕ್ಕೆ ಏಳ್ತಾನೆ.” ಬೆಳಿಗ್ಗೆ? “ಎಂಟಾಗುತ್ತೆ.”

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಪ್ರಕಾರ ಒಂದು-ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕರವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲೇ ಸೇರುತ್ತದೆ. ಈ ಹುಡುಗನದು ಎಲ್ಲಾ ಕೂಡಿಸಿದರೆ ಹತ್ತೂವರೆ. ಸ್ವಲ್ಪ ಕಡಿಮೆ, ಅದೂ ತಪ್ಪು ಹೊತ್ತಿನಲ್ಲಿ. ಸಂಜೆ ಆರಕ್ಕೆ ಎದ್ದ ಮಗುವನ್ನು ಒಂಬತ್ತಕ್ಕೆ ಮಲಗಿಸುವುದು ಅಂದರೆ ಹೊಟ್ಟೆ ತುಂಬಿದವನ ಮುಂದೆ ಇನ್ನೊಂದು ಎಲೆ ಹಾಸಿದ ಹಾಗೆ.

ಇನ್ನರ್ಧ ಉತ್ತರ ಅವನ ಅಪ್ಪನ ಹತ್ತಿರ ಇತ್ತು. ನಮ್ಮ ತುಮಕೂರಿನ ಎಷ್ಟೋ ಜನರ ಹಾಗೆ ಆತನೂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಮನೆ ಸೇರುವುದು ಒಂಬತ್ತೂಕಾಲಿಗೆ. ಒಳಗೆ ಕತ್ತಲಲ್ಲಿ ಮಗು ಕಣ್ಣು ಬಿಟ್ಟುಕೊಂಡು ಮಲಗಿದೆ. ಗೇಟಿನ ಚಿಲಕದ ಸದ್ದು. ಟಿಫಿನ್ ಬಾಕ್ಸ್ ಸಿಂಕಿಗೆ ಬೀಳುತ್ತದೆ. ಟಿವಿ ಶುರುವಾಗುತ್ತದೆ. ಮಗು ಎದ್ದು ಬಂದರೆ ಅಪ್ಪನ ತೊಡೆ ಸಿಗುತ್ತದೆ, ಅವರ ತಟ್ಟೆಯಿಂದ ಒಂದು ತುತ್ತು ಸಿಗುತ್ತದೆ, ಅಜ್ಜಿ “ಬಂದ್ಯಾ ಕಳ್ಳ” ಅಂತ ನಗುತ್ತಾರೆ. ನಾನಾಗಿದ್ದರೂ ಎದ್ದು ಬರುತ್ತಿದ್ದೆ.

ಪರದೇಶದ ಪುಸ್ತಕಗಳಲ್ಲಿ ಮಗುವಿಗೆ ಬೇರೆ ಕೋಣೆ, ಬೇರೆ ಮಂಚ ಇರುತ್ತದೆ. ನಮ್ಮಲ್ಲಿ ಮಗು ಅಪ್ಪ-ಅಮ್ಮನ ನಡುವೆ ಮಲಗುತ್ತದೆ. ಈ ವಯಸ್ಸಿಗೆ ಅದೇನೂ ತಪ್ಪಲ್ಲ, ಅದನ್ನು ಬಿಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ದೊಡ್ಡವರೆಲ್ಲ ಹಾಲ್‌ನಲ್ಲಿ ಎಚ್ಚರವಿದ್ದು, ಮಗು ಒಂದೇ ಮಲಗಬೇಕು ಅಂದರೆ ಹೇಗೆ? ಮೊದಲು ಮನೆ ಮಲಗಬೇಕು, ಆಮೇಲೆ ಮಗು.

ಹಾಗಾಗಿ ಒಂಬತ್ತು ಗಂಟೆಯ ಹಟ ಬಿಡಿಸಿದೆ. ಮಧ್ಯಾಹ್ನದ ನಿದ್ದೆ ಒಂದಕ್ಕೆ ಶುರುವಾಗಿ, ಏನೇ ಆದರೂ ಮೂರಕ್ಕೆ ಮುಗಿಯಬೇಕು. ಬೆಳಿಗ್ಗೆ ಏಳಕ್ಕೆ ಎಬ್ಬಿಸಬೇಕು, ಭಾನುವಾರವೂ. ರಾತ್ರಿ ಹೇಗೂ ಹನ್ನೊಂದೂವರೆಗೆ ತಾನೇ ನಿದ್ದೆ ಬರುತ್ತಿದ್ದುದು? ಹಾಗಾದರೆ ಮೊದಲು ಹನ್ನೊಂದೂಕಾಲಿಗೇ ಮಲಗಿಸಿ. ಬೇಗ ನಿದ್ದೆ ಹತ್ತಿದರೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಅಮ್ಮನಿಗೆ ಇದು ವಿಚಿತ್ರ ಅನ್ನಿಸಿತು. ಬೇಗ ಮಲಗಿಸಿ ಅಂತ ಕೇಳಲು ಬಂದರೆ ಈ ಡಾಕ್ಟರು ತಡ ಮಾಡಿಸ್ತಾರಲ್ಲ! ಆದರೆ ಹಾಸಿಗೆ ಅಂದರೆ ಎರಡು ಗಂಟೆ ಗುದ್ದಾಡುವ ಜಾಗ ಅಂತ ಮಗು ಕಲಿತುಬಿಟ್ಟಿದೆ. ಅದನ್ನು ಮೊದಲು ಮರೆಸಬೇಕು. ಕೊನೆಗೆ ಒಂಬತ್ತೂಮುಕ್ಕಾಲಿಗೆ ನಿಲ್ಲಿಸೋಣ ಅಂದೆ. ಅಪ್ಪನ ಮುಖ ನೋಡದೆ ಮಗು ಮಲಗಲಿ ಅನ್ನುವುದು ನನಗೇ ಸರಿ ಕಾಣಲಿಲ್ಲ. ಅಪ್ಪ ಬಂದ ಮೇಲೆ ಅರ್ಧ ಗಂಟೆ ಅವನ ಜೊತೆ. ಟಿವಿ, ಮೊಬೈಲ್ ಆಫ್, ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ. ಅಪ್ಪನ ಊಟ ಅವನು ಮಲಗಿದ ಮೇಲೆ.

ಆಮೇಲೂ ಎದ್ದು ಬಂದರೆ? ಬರುತ್ತಾನೆ. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, “ಮಲಗೋ ಹೊತ್ತು ಪುಟ್ಟ” ಅಂತ ಅಷ್ಟೇ ಹೇಳಿ. ಬೈಯಬೇಡಿ, ಮುದ್ದೂ ಮಾಡಬೇಡಿ, ಕಥೆ ಬೇಡ. ಹತ್ತು ಸಲ ಕಳಿಸಿ ಹನ್ನೊಂದನೇ ಸಲ ಸಾಕಾಗಿ ಟಿವಿ ಮುಂದೆ ಕೂರಿಸಿಕೊಂಡರೆ ಅವನು ಕಲಿಯುವುದು ಒಂದೇ: ಹನ್ನೊಂದು ಸಲ ಪ್ರಯತ್ನಿಸಬೇಕು. “ಗುಮ್ಮ ಬರ್ತಾನೆ” ಅಂತ ಹೆದರಿಸಿದರೆ ಮಗು ಒಂಟಿಯಾಗಿ ಇರುವುದೇ ಇಲ್ಲ. “ಡಾಕ್ಟರ್ ಸೂಜಿ ಚುಚ್ತಾರೆ” ಅನ್ನುವುದನ್ನೂ ನಿಲ್ಲಿಸಿ ಮಾರಾಯ್ರೆ, ಮರುದಿನ ಆ ಮಗುವಿನ ಗಂಟಲು ನೋಡಬೇಕಾದವನು ನಾನು.

ನನಗೆ ಭಯವಿದ್ದದ್ದು ಅಜ್ಜಿಯದು. ಮೊಮ್ಮಗ ಮುಖ ಸಣ್ಣ ಮಾಡಿದರೆ ಅವರು ಕರಗಿಬಿಡುತ್ತಾರೆ. ಅದಕ್ಕೆ ಅವರಿಗೆ ಒಂದು ಕೆಲಸ ಒಪ್ಪಿಸಿದೆ: “ನೀವು ಮಾತಾಡಬಾರದು ಅಮ್ಮ, ಅವನು ಎಷ್ಟು ಸಲ ಬಂದ ಅಂತ ಲೆಕ್ಕ ಇಡಿ.” ಪ್ರತಿ ಸಲಕ್ಕೂ ಒಂದು ಹುಣಸೆ ಬೀಜ, ಸ್ಟೀಲ್ ಲೋಟಕ್ಕೆ.

ಸುಮ್ನೆ ಹಟ ಅಂದುಕೊಳ್ಳುವ ಮೊದಲು ಕೆಲವನ್ನು ನೋಡಲೇಬೇಕು. ಬಾಯಿ ಬಿಟ್ಟುಕೊಂಡು ದಿನಾ ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಗ್ರಂಥಿ ದಪ್ಪ ಆಗಿರಬಹುದು. ರಾತ್ರಿ ಹಿಂಭಾಗ ತುರಿಸಿಕೊಂಡು ಏಳುವ ಮಗುವಿಗೆ ದಾರದ ಎಳೆಯಂಥ ಬಿಳಿ ಹುಳು ಇರಬಹುದು, ಅವು ಮೊಟ್ಟೆ ಇಡಲು ಹೊರಬರುವುದು ರಾತ್ರಿಯೇ. ಕಾಲು ಒದರುತ್ತಾ ಹೊರಳಾಡುವ ಮಗುವಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಊಟ ಬಿಟ್ಟು ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಕುಡಿಯುವ ಮಕ್ಕಳನ್ನು ನಾನು ಈ ಅನುಮಾನದಿಂದಲೇ ನೋಡುತ್ತೇನೆ. ಇವನ ಹಿಮೋಗ್ಲೋಬಿನ್ ಸರಿಯಾಗಿತ್ತು.

ಇನ್ನೊಂದು. ಎಲ್ಲರೂ ಮಲಗಿದ ಮೇಲೆ ಎದ್ದು ಓಡಾಡುವ ಮಗು ಇದ್ದರೆ ಬಾತ್‌ರೂಮಿನ ಬಕೆಟ್ ಖಾಲಿ ಮಾಡಿ ಮಲಗಿ. ಮುಂಬಾಗಿಲು, ಬಾಲ್ಕನಿಯ ಬೋಲ್ಟ್ ಕೈಗೆ ಎಟುಕದಷ್ಟು ಮೇಲಿರಲಿ. ಮಗುವನ್ನು ಕೋಣೆಯೊಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಬೇಡಿ.

ಮೂರು ವಾರದ ನಂತರ ಅಜ್ಜಿ ಲೆಕ್ಕ ಒಪ್ಪಿಸಿದರು. ಮೊದಲ ರಾತ್ರಿ ಹದಿನೇಳು ಬೀಜ. ಎರಡನೇ ರಾತ್ರಿ ಇಪ್ಪತ್ತೆರಡು. ಆ ರಾತ್ರಿಯೇ ಬಹಳ ಜನ ಕೈಬಿಡುವುದು, ಇದು ಕೆಲಸ ಮಾಡಲ್ಲ ಅಂತ. ಅಭ್ಯಾಸ ಬಿಡುವ ಮುಂಚೆ ಮಗು ಒಮ್ಮೆ ನಮ್ಮನ್ನು ಜೋರಾಗಿಯೇ ಪರೀಕ್ಷೆ ಮಾಡುತ್ತದೆ. ನಾಲ್ಕನೇ ರಾತ್ರಿ ಆರು, ಎಂಟನೇ ರಾತ್ರಿ ಒಂದು, ಅದೂ ನಿಜಕ್ಕೂ ಉಚ್ಚೆಗೆ. ಆಮೇಲೆ ಮೂರು ದಿನ ಜ್ವರ ಬಂತು, ಪಾಪ ಅಂತ ಎಲ್ಲರೂ ಎತ್ತಿಕೊಂಡರು. ಎತ್ತಿಕೊಳ್ಳಲೇಬೇಕು, ಜ್ವರದಲ್ಲಿ ನಿಯಮ ಇಲ್ಲ. ಜ್ವರ ಇಳಿದ ರಾತ್ರಿ ಮತ್ತೆ ಒಂಬತ್ತು ಬೀಜ.

“ನಿನ್ನೆ ಎಷ್ಟು?” ಅಂತ ಕೇಳಿದೆ.

ಸೊಸೆ ನಕ್ಕರು. “ಗೊತ್ತಿಲ್ಲ ಡಾಕ್ಟ್ರೇ. ಒಂಬತ್ತೂವರೆಗೆ ದೀಪ ಸಣ್ಣ ಮಾಡಿದ್ವಿ, ಲೋಟ ಹಿಡ್ಕೊಂಡು ಅತ್ತೇನೇ ಮೊದ್ಲು ಮಲಗಿಬಿಟ್ರು.”