ಕೇಬಲ್ ಹೊಟ್ಟೆಯೊಳಗಿನ ತುಕ್ಕು

ಹರಿಹರದಲ್ಲಿ ತುಂಗಭದ್ರೆ ದಾಟುವ ಸೇತುವೆಗೆ ಕಂಬಗಳೇ ಆಧಾರ. ಬಿರುಕು ಬಿಟ್ಟಿದೆಯೋ, ಬುಡ ಕೊರೆದಿದೆಯೋ ಎಂಬುದನ್ನು ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಬಹುದು. ತೂಗುಸೇತುವೆಯಲ್ಲಿ ಆ ಅನುಕೂಲವಿಲ್ಲ. ಮೇಲೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಭಾರ ಹೊರುವ ಕೇಬಲ್ ಒಳಗೆ ಹೇಗಿದೆ ಎಂದು ತಿಳಿಯದು. ದಾವಣಗೆರೆಯ ಸಿವಿಲ್ ವಿದ್ಯಾರ್ಥಿಗಳು ಇದಕ್ಕಾಗಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಓದಲೇಬೇಕು.

1883ರಲ್ಲಿ ತೆರೆದ ಈ ಸೇತುವೆಯ ಗೋಪುರಗಳ ನಡುವಿನ ಅಂತರ 486 ಮೀಟರ್. ಮುಖ್ಯ ಕೇಬಲ್ ನಾಲ್ಕು, ಒಂದೊಂದರ ದಪ್ಪ ಸುಮಾರು 40 ಸೆಂ.ಮೀ. ಅವು ಹೊಸೆದ ಹಗ್ಗಗಳಲ್ಲ. ಸತು ಲೇಪಿಸಿದ ಉಕ್ಕಿನ ತಂತಿಗಳನ್ನು ಪಕ್ಕಪಕ್ಕದಲ್ಲಿ ಎಳೆದು 19 ಕಟ್ಟು ಮಾಡಿ, ಒತ್ತಿ, ಹೊರಗೆ ಬಿಗಿಯಾಗಿ ತಂತಿ ಸುತ್ತಿದ್ದಾರೆ. ಪ್ರತಿ ಕೇಬಲ್‌ನಲ್ಲಿ 5,434 ತಂತಿ.

ಅವುಗಳಲ್ಲಿ ಸುಮಾರು 150 ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ಸುರುಳಿಗಳನ್ನು ಪೂರೈಕೆದಾರ ದಾರಿಯಲ್ಲೇ ಬದಲಿಸಿ ಕಳಪೆ ಮಾಲು ಕಳಿಸುತ್ತಿದ್ದುದು 1878ರಲ್ಲಿ ಬಯಲಾಯಿತು. ಆಗಲೇ ಕೇಬಲ್ ಸೇರಿದ್ದನ್ನು ಬಿಚ್ಚುವಂತಿರಲಿಲ್ಲ. ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಬೇಕಾದ್ದಕ್ಕಿಂತ ಆರು ಪಟ್ಟು ಬಲ ಇಟ್ಟಿದ್ದರು. ಐದು ಪಟ್ಟಾದರೂ ಉಳಿಯುತ್ತದೆಂದು ಲೆಕ್ಕ ಹಾಕಿ, ಒಳ್ಳೆಯ ತಂತಿ ಸೇರಿಸಿ ಮುಂದುವರಿದರು. ಕಾರ್ಖಾನೆಯ ಸರ್ಟಿಫಿಕೇಟ್ ಸಾಲದು, ಸೈಟಿನಲ್ಲಿ ಮಾಲು ಇಳಿಸುವಾಗಲೂ ಸ್ಯಾಂಪಲ್ ತೆಗೆಯಬೇಕು. ಮನೆಗೆ ಕಂಬಿ ತರಿಸುವ ನಮ್ಮ ಗುತ್ತಿಗೆದಾರರಿಗೂ ಇದು ಅನ್ವಯ.

ಇಂಥ ಕೇಬಲ್‌ಗೆ ಮುಖ್ಯ ಶತ್ರು ನೀರು. ಬಣ್ಣ ಸೀಳಿದಲ್ಲಿ, ಕ್ಲ್ಯಾಂಪಿನ ಸಂದಿಯಲ್ಲಿ ಒಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೊದಲು ಸತು ಬೆಳ್ಳಗೆ ಪುಡಿಯಾಗುತ್ತದೆ, ಅದು ಮುಗಿದ ಮೇಲೆ ಉಕ್ಕಿಗೆ ಕಂದು ತುಕ್ಕು ಹಿಡಿಯುತ್ತದೆ. ನಂತರ ತಂತಿ ಪೆಡಸಾಗಿ, ಜಗ್ಗದೆ ಪಟಕ್ಕನೆ ತುಂಡಾಗುತ್ತದೆ. ಪರೀಕ್ಷಿಸಲು ಇರುವ ನೇರ ದಾರಿ ಒಂದೇ: ಸುತ್ತಿದ ತಂತಿ ಬಿಚ್ಚಿ, ಕೇಬಲ್‌ನ ಸುತ್ತಲೂ ಹಲವು ಕಡೆ ಬೆಣೆ ಬಡಿದು, ನಡುವಿನವರೆಗೂ ಬಾಯಿ ತೆರೆಸಿ ನೋಡುವುದು. ತುಂಡಾದ ತಂತಿ ಎಣಿಸಬೇಕು, ಕೆಲವನ್ನು ಕತ್ತರಿಸಿ ಎಳೆತದ ಪರೀಕ್ಷೆಗೆ ಕಳಿಸಬೇಕು. ಖರ್ಚಿನ, ನಿಧಾನದ ಕೆಲಸ. ಅದಕ್ಕೇ ಮುಂದೂಡುತ್ತಾರೆ.

ಮುಂದೂಡಿದರೆ ಏನಾಗುತ್ತದೆ ಎಂಬುದನ್ನು ಗುಜರಾತಿನ ಮೋರ್ಬಿಯಲ್ಲಿ ನೋಡಿದ್ದೇವೆ. 2022ರ ಅಕ್ಟೋಬರ್ 30ರಂದು ಅಲ್ಲಿ ತೂಗುಸೇತುವೆ ಕುಸಿದು 135 ಜನ ಸತ್ತರು. ಒಂದು ಮುಖ್ಯ ಕೇಬಲ್‌ನ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು, ಅವು ಮೊದಲೇ ತುಂಡಾಗಿದ್ದಿರಬಹುದು ಎಂದು ವಿಶೇಷ ತನಿಖಾ ತಂಡ ಹೇಳಿತು. ರಿಪೇರಿಯಲ್ಲಿ ಹೊಸ ನೆಲಹಾಸು ಬಂದಿತ್ತು, ಕೇಬಲ್ ಹಳೆಯದೇ.

ಮಲೆನಾಡಿನ ತೂಗುಸೇತುವೆ ನೋಡಲು ಹೋದವರು ಕ್ಲ್ಯಾಂಪಿನ ಕೆಳಗೆ ಕಂದು ನೀರಿಳಿದ ಗೆರೆ ಇದೆಯೇ, ಬೋಲ್ಟ್ ಸಡಿಲವಾಗಿದೆಯೇ, ಕೇಬಲ್ ಲಂಗರು ಹಾಕಿದ ಕಾಂಕ್ರೀಟಿನ ಬಳಿ ನೀರು ನಿಂತಿದೆಯೇ ಗಮನಿಸಿ. ಕಂಡರೆ ಫೋಟೊ ಸಮೇತ ಪಂಚಾಯಿತಿಗೆ ಬರೆದುಕೊಡಿ.